ಕಪ್ಪಗಿದ್ದ‘ರೂ’: ಮಕ್ಕಳ ವಿಡಿಯೋ ಆಟಗಳಲ್ಲಿ ಮೈಬಣ್ಣ

ಕಳೆದ ಯುಗಾದಿ ಊಟದ ದಿನ ನಮ್ಮ ಕೂಟದ ಹಿರಿಯರೆಲ್ಲ ಮಹಡಿಯಲ್ಲಿ ಕೂತು ಒಬ್ಬಟ್ಟಿನ ಎರಡನೆಯ ಸುತ್ತಿಗೆ ಕಾಯುತ್ತಿದ್ದರು. "ಈಗಿನ ಮಕ್ಕಳು ಆ ಹಾಳು ವಿಡಿಯೋ ಗೇಮ್ ಮುಂದೆ ಕೂತು ಕೆಟ್ಟರು" ಎಂಬ ನಿರ್ಣಯ ಎಂದಿನಂತೆ ಸರ್ವಾನುಮತದಿಂದ ಅಂಗೀಕಾರವಾಗುತ್ತಿತ್ತು. ನಾನು ಕೈ ತೊಳೆಯುವ ನೆಪದಲ್ಲಿ ಎದ್ದು ಬೇಸ್‌ಮೆಂಟಿಗೆ ಇಳಿದೆ. ಅಲ್ಲಿ ಏಳೆಂಟು ಮಕ್ಕಳು ಟಿವಿಯ ಮುಂದೆ ಕೂತು ಆಟಕ್ಕೆ ಬೇಕಾದ ಒಬ್ಬ ನಾಯಕನನ್ನು ಕಟ್ಟುತ್ತಿದ್ದರು. ಹುಬ್ಬು, ಮೂಗು, ಕೂದಲು ಎಲ್ಲ ಒಂದೊಂದಾಗಿ ಆರಿಸಿದರು, ಪ್ರತಿಯೊಂದಕ್ಕೂ ಜಗಳವಾಡಿದರು. ಮೈಬಣ್ಣದ ಪಟ್ಟಿ ಬಂದಾಗ ಮಾತ್ರ ಯಾರೂ ಜಗಳವಾಡಲಿಲ್ಲ. ಕೈಯಲ್ಲಿ ಕಂಟ್ರೋಲರ್ ಹಿಡಿದಿದ್ದ ಹುಡುಗ ಆ ಕೋಣೆಯಲ್ಲಿದ್ದ ಯಾರೊಬ್ಬರ ಬಣ್ಣವೂ ಅಲ್ಲದ ಒಂದು ತಿಳಿ ಬಣ್ಣವನ್ನು ಒತ್ತಿ ಮುಂದೆ ಹೋದ.

ನನಗೆ ಆ ರಾತ್ರಿ ನಿದ್ದೆ ಸರಿಯಾಗಿ ಬರಲಿಲ್ಲ. ಎರಡನೆಯ ಒಬ್ಬಟ್ಟೂ ಕಾರಣವಿರಬಹುದು!

ಓದುಗ ಮಿತ್ರರು ಕ್ಷಮಿಸಬೇಕು. ನಾನು ವೃತ್ತಿಯಿಂದ ವೈದ್ಯೆ, ವಿಮರ್ಶೆ ನನ್ನ ಕಸುಬಲ್ಲ. ಆದರೆ ಜನರ ಚರ್ಮವನ್ನು ದಿಟ್ಟಿಸಿ ನೋಡುವುದು ಮೂವತ್ತು ವರ್ಷದ ಕಸುಬು. ಕನ್ನಡ ಸಿನಿಮಾ ಬಂದರೆ, ನಾಟಕ ಬಂದರೆ ಈ ಪುಟಗಳಲ್ಲಿ ನಾವು ವಿಮರ್ಶೆ ಬರೆಯುತ್ತೇವೆ. ನಮ್ಮ ಮಕ್ಕಳು ದಿನಕ್ಕೆ ಎರಡು ಗಂಟೆ ನೋಡುವ ಚಿತ್ರಗಳ ಬಗ್ಗೆ ಮಾತ್ರ ಒಂದು ಸಾಲೂ ಬರೆದಿಲ್ಲ. ಅದಕ್ಕೇ ಈ ಆರು ತಿಂಗಳು ನನ್ನ ಹದಿನಾರು ವರ್ಷದ ಮಗಳ ಪಕ್ಕದಲ್ಲಿ ಕೂತು ಕೆಲವು ಆಟಗಳನ್ನು ನೋಡಿದೆ, ಆಡಿದೆ, ಹೆಚ್ಚಾಗಿ ಸೋತೆ. ಆ ಅನುಭವದ ಮೇಲೆ ಹೇಳುವ ಮಾತುಗಳಿವು.

ಮೊದಲು ಚರ್ಮದ ವಿಷಯ. ಚರ್ಮಕ್ಕೆ ಬಣ್ಣ ಕೊಡುವ ಜೀವಕೋಶಗಳ ಸಂಖ್ಯೆ ಕಪ್ಪಗಿರುವವರಲ್ಲೂ ಬೆಳ್ಳಗಿರುವವರಲ್ಲೂ ಹೆಚ್ಚುಕಡಿಮೆ ಒಂದೇ. ಅವು ತಯಾರಿಸುವ ಮೆಲನಿನ್ ಕಣಗಳ ಗಾತ್ರ, ಪ್ರಮಾಣ, ಹಂಚಿಕೆ ಮಾತ್ರ ಬೇರೆ. ಅಷ್ಟು ಸಣ್ಣ ವ್ಯತ್ಯಾಸದ ಮೇಲೆ ನಾವು ಎಷ್ಟು ದೊಡ್ಡ ಕಟ್ಟಡ ಕಟ್ಟಿದ್ದೇವೆ! 1975ರಲ್ಲಿ ಹಾರ್ವರ್ಡಿನ ಚರ್ಮವೈದ್ಯ ಥಾಮಸ್ ಫಿಟ್ಜ್‌ಪ್ಯಾಟ್ರಿಕ್ ಒಂದು ವರ್ಗೀಕರಣ ಮಾಡಿದರು. ಸೋರಿಯಾಸಿಸ್ ರೋಗಿಗಳಿಗೆ ಅತಿನೇರಳೆ ಕಿರಣದ ಚಿಕಿತ್ಸೆ ಕೊಡುವಾಗ ಎಷ್ಟು ಕೊಡಬೇಕೆಂದು ಗೊತ್ತಾಗಲಿ ಎಂಬುದು ಉದ್ದೇಶ. ಬಿಸಿಲಿಗೆ ನಿಂತರೆ ಚರ್ಮ ಸುಡುತ್ತದೆಯೋ, ಕಪ್ಪಾಗುತ್ತದೆಯೋ ಎಂಬುದೇ ಪ್ರಶ್ನೆ. ಮೊದಲು ಬಿಳಿಯರಿಗೇ ನಾಲ್ಕು ಮೆಟ್ಟಿಲು. ಕಂದು ಮತ್ತು ಕಪ್ಪು ಚರ್ಮದವರಿಗೆಂದು ಐದನೆಯದು, ಆರನೆಯದು ಆಮೇಲೆ ಸೇರಿದವು. ಅಂದರೆ ಭಾರತ, ಆಫ್ರಿಕ ಮೊದಲಾಗಿ ಲೋಕದ ಬಹುಪಾಲು ಜನ ಕೊನೆಯ ಕೆಲವೇ ಮೆಟ್ಟಿಲುಗಳ ಮೇಲೆ ಒತ್ತೊತ್ತಾಗಿ ನಿಲ್ಲಬೇಕು, ನಮ್ಮೂರ ಸಿಟಿ ಬಸ್ಸಿನ ಫುಟ್‌ಬೋರ್ಡಿನ ಹಾಗೆ. 2015ರಲ್ಲಿ ಫೋನಿನ ಎಮೋಜಿಗಳಿಗೆ ಮೈಬಣ್ಣ ಬಂದಾಗಲೂ ಇದೇ ಅಳತೆಗೋಲನ್ನು ಎರವಲು ಪಡೆದರು. 2022ರಲ್ಲಿ ಗೂಗಲ್ ಸಂಸ್ಥೆ, ಸಮಾಜಶಾಸ್ತ್ರಜ್ಞ ಎಲಿಸ್ ಮಾಂಕ್ ರೂಪಿಸಿದ ಹತ್ತು ಬಣ್ಣಗಳ ಬೇರೊಂದು ಪಟ್ಟಿಯನ್ನು ಪ್ರಕಟಿಸಿತು. ಅಳತೆಗೋಲು ಯಾರನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ್ದು ಎಂಬುದು ಮುಖ್ಯವೆಂದು ಹೇಳುವುದಕ್ಕಷ್ಟೇ ಇದನ್ನೆಲ್ಲ ಬರೆದೆ.

ಈಗ ಆಟಗಳಿಗೆ ಬರೋಣ. ನಾನು ನೋಡಿದ ಮೊದಲ ಭಾರತೀಯ ವಿಡಿಯೋ ಆಟದ ಪಾತ್ರ ದಾಲ್ಸಿಮ್. 1996ರಲ್ಲಿ ನಾನು ರೆಸಿಡೆನ್ಸಿ ಸೇರಿದ ಹೊಸತು. ಬಟ್ಟೆ ಒಗೆಯಲು ಹೋಗುತ್ತಿದ್ದ ಲಾಂಡ್ರೋಮ್ಯಾಟಿನಲ್ಲಿ ಕ್ವಾರ್ಟರ್ ಹಾಕಿ ಆಡುವ ಸ್ಟ್ರೀಟ್ ಫೈಟರ್ 2 ಯಂತ್ರ ಒಂದಿತ್ತು. ಜಪಾನಿನ ಕ್ಯಾಪ್‌ಕಾಮ್ ಕಂಪನಿ 1991ರಲ್ಲಿ ತಂದ ಆಟ. ಜೊತೆಯ ರೆಸಿಡೆಂಟ್ ಒಬ್ಬ ನನ್ನನ್ನು ಕರೆದು, "ನೋಡು, ನಿಮ್ಮ ಊರಿನವನು" ಎಂದ. ಬೋಳು ತಲೆ, ಕಣ್ಣುಗಳಲ್ಲಿ ಪಾಪೆಯೇ ಇಲ್ಲ, ಕೊರಳಲ್ಲಿ ತಲೆಬುರುಡೆಗಳ ಸರ, ಹಿಂದೆ ಆನೆಗಳ ಸಾಲು. ಕೈಕಾಲು ರಬ್ಬರಿನಂತೆ ಮಾರುಗಟ್ಟಲೆ ಚಾಚುತ್ತಾನೆ, "ಯೋಗಾ ಫೈರ್" ಎಂದು ಬೆಂಕಿ ಉಗುಳುತ್ತಾನೆ. ಅಷ್ಟು ಉದ್ದ ಕೈ ಚಾಚಿದರೆ ತೋಳಿನ ನರಗಳ ಗತಿಯೇನು ಎಂಬುದೇ ಆಗ ನನ್ನ ಚಿಂತೆ! ನಕ್ಕು ಬಟ್ಟೆ ಮಡಚಿಕೊಂಡು ಬಂದೆ.

ಇಂದು ಯೋಚಿಸಿದರೆ ಆ ಚಿತ್ರಕಾರರ ಮೇಲೆ ಪೂರ್ತಿ ಸಿಟ್ಟು ಬರುವುದಿಲ್ಲ. ಆ ಯಂತ್ರಗಳಲ್ಲಿ ಒಂದು ಪಾತ್ರದ ಬಣ್ಣದ ಪಟ್ಟಿಯಲ್ಲಿ 16 ಮನೆಗಳು, ಅದರಲ್ಲಿ ಒಂದು ಪಾರದರ್ಶಕ. ಬಟ್ಟೆಗೆ, ಕೂದಲಿಗೆ, ಅಂಚಿನ ಗೆರೆಗೆ ಹಂಚಿದ ಮೇಲೆ ಚರ್ಮಕ್ಕೆ ಉಳಿಯುವುದು ಕೆಲವೇ ಛಾಯೆಗಳು. ದಾಲ್ಸಿಮ್ ಕೆಟ್ಟವನೂ ಅಲ್ಲ. ತನ್ನ ಹಳ್ಳಿಯ ಬಡವರಿಗಾಗಿ ಮನಸ್ಸಿಲ್ಲದೆ ಹೊಡೆದಾಡುವ ಶಾಂತಿಪ್ರಿಯ ಎಂದು ಕಥೆ ಹೇಳುತ್ತದೆ. ಆದರೆ 2023ರಲ್ಲಿ ಬಂದ ಸ್ಟ್ರೀಟ್ ಫೈಟರ್ 6 ಆಟದಲ್ಲಿ ಅದೇ ದಾಲ್ಸಿಮ್‌ನನ್ನು ನೋಡಿದೆ. 32 ವರ್ಷಗಳಲ್ಲಿ ಅವನ ಚರ್ಮ ಎಷ್ಟು ಸುಧಾರಿಸಿದೆ! ಸುಕ್ಕು, ಬೆವರು, ನರ ಎಲ್ಲ ಕಾಣುತ್ತವೆ. ಕೆಲಸ ಮಾತ್ರ ಬದಲಾಗಿಲ್ಲ. ಇನ್ನೂ ಯೋಗಿಯೇ, ಇನ್ನೂ ಬೆಂಕಿಯನ್ನೇ ಉಗುಳುತ್ತಾನೆ. ತಂತ್ರಜ್ಞಾನದ ಕೊರತೆ ತೀರಿದ ಮೇಲೂ ಉಳಿದದ್ದು ಕಲ್ಪನೆಯ ಕೊರತೆ. ಇದು ನನ್ನ ಮೊದಲ ಆಕ್ಷೇಪ.

ಎರಡನೆಯದು ಎಣಿಕೆಯ ವಿಷಯ. ಮನೆ ಕಟ್ಟಿ ಸಂಸಾರ ನಡೆಸುವ ‘ದಿ ಸಿಮ್ಸ್’ ಎಂಬ ಆಟ 2000ದಲ್ಲಿ ಬಂದಾಗ ಅದರಲ್ಲಿದ್ದ ಮೈಬಣ್ಣಗಳು ಮೂರು: ತಿಳಿ, ನಡು, ಗಾಢ. ಆಗ ಅದೇ ದೊಡ್ಡ ಮಾತು. ಅದರ ನಾಲ್ಕನೆಯ ಆವೃತ್ತಿ 2014ರಲ್ಲಿ ಬಂತು. ಗಾಢ ಬಣ್ಣಗಳು ಬೂದಿ ಬಳಿದಂತೆ ಕಾಣುತ್ತವೆ ಎಂದು ಆಟಗಾರರು, ಅದರಲ್ಲೂ ಕಪ್ಪು ಜನಾಂಗದವರು, ವರ್ಷಗಟ್ಟಲೆ ದೂರಿದ ಮೇಲೆ 2020ರ ಡಿಸೆಂಬರಿನಲ್ಲಿ ನೂರಕ್ಕೂ ಹೆಚ್ಚು ಹೊಸ ಬಣ್ಣಗಳನ್ನೂ, ಅವನ್ನು ತಿಳಿಯಾಗಿಸುವ, ಗಾಢವಾಗಿಸುವ ಒಂದು ಸರಿಪಟ್ಟಿಯನ್ನೂ ಕೊಟ್ಟರು. ಇನ್ನೊಂದು ತಮಾಷೆ ನೋಡಿ. ‘ಆನಿಮಲ್ ಕ್ರಾಸಿಂಗ್’ ಎಂಬ ಮಕ್ಕಳ ಆಟದ 2012ರ ಆವೃತ್ತಿಯಲ್ಲಿ ಮೈಬಣ್ಣ ಆರಿಸುವ ಅವಕಾಶವೇ ಇರಲಿಲ್ಲ. ಕಪ್ಪಗಾಗಬೇಕಾದರೆ ಆಟದೊಳಗಿನ ಬೇಸಿಗೆಯಲ್ಲಿ ಬಿಸಿಲಿಗೆ ನಿಲ್ಲಬೇಕಿತ್ತು, ನಾಲ್ಕು ದಿನ ಒಳಗಿದ್ದರೆ ಬಣ್ಣ ಮತ್ತೆ ಇಳಿಯುತ್ತಿತ್ತು. "ಬಿಸಿಲಿಗೆ ಹೋಗಬೇಡ ಕಣೇ, ಕಪ್ಪಗಾಗ್ತೀಯ" ಎಂದು ಅಜ್ಜಿಯಿಂದ ಬೈಸಿಕೊಂಡು ಬೆಳೆದ ನನಗೆ ಇದು ನಗುವೂ ಅಳುವೂ ತಂದಿತು. ಆ ಆಟದಲ್ಲಿ ಕಂದು ಬಣ್ಣ ಹುಟ್ಟಿನಿಂದ ಬರುವಂಥದ್ದಲ್ಲ, ರಜೆಯಲ್ಲಿ ಹತ್ತಿ ಹೋಗುವಂಥದ್ದು. 2020ರ ಆವೃತ್ತಿಯಲ್ಲಿ ಮೊದಲೇ ಬಣ್ಣ ಆರಿಸಿಕೊಳ್ಳಬಹುದು.

ಆ ಬೂದಿ ಬಣ್ಣದ ದೂರು ನನಗೆ ಚೆನ್ನಾಗಿ ಅರ್ಥವಾಗುತ್ತದೆ. 1994ರಲ್ಲಿ, ನನಗೆ ಗಂಡು ಹುಡುಕುತ್ತಿದ್ದ ಕಾಲದಲ್ಲಿ, ಮೈಸೂರಿನ ಒಂದು ಸ್ಟುಡಿಯೋದಲ್ಲಿ ಫೋಟೋ ತೆಗೆಸಿದರು. ಫೋಟೋದವರು, "ಇನ್ನೊಂದು ಸ್ವಲ್ಪ ಪೌಡರ್ ಹಾಕ್ಕೊಂಡು ಬನ್ನಿ ಮೇಡಂ" ಎಂದರು. ಹಾಕಿಕೊಂಡೆ. ಮತ್ತೊಂದು ಸಲ ಹೇಳಿದರು, ಹಾಕಿಕೊಂಡೆ. ಫೋಟೋದಲ್ಲಿ ನನ್ನ ಮುಖ ವಿಭೂತಿ ಬಳಿದ ಕಲ್ಲುಕಂಬದ ಹಾಗೆ ಬಂತು.

ಇದರ ಹಿಂದೆ ಬೆಳಕಿನ ಲೆಕ್ಕವಿದೆ. ಚರ್ಮ ಗೋಡೆಗೆ ಹೊಡೆದ ಸುಣ್ಣವಲ್ಲ. ಬೆಳಕು ಅದರೊಳಗೆ ಇಳಿಯುತ್ತದೆ, ಚದುರುತ್ತದೆ, ರಕ್ತದ ಕೆಂಪನ್ನು ಹೊತ್ತು ಹೊರಬರುತ್ತದೆ. ಟಾರ್ಚಿಗೆ ಅಂಗೈ ಅಡ್ಡ ಹಿಡಿದರೆ ಬೆರಳು ಕೆಂಪಗೆ ಹೊಳೆಯುವುದು ಇದರಿಂದಲೇ. ಇಂದಿನ ಆಟಗಳು ಇದನ್ನು ಗಣಕದಲ್ಲಿ ಲೆಕ್ಕ ಹಾಕಿಯೇ ಮುಖಗಳಿಗೆ ಜೀವ ತುಂಬುತ್ತವೆ. ಗಾಢ ಚರ್ಮದಲ್ಲಿ ಮೆಲನಿನ್ ಆ ಬೆಳಕನ್ನು ಹೋಗುವಾಗಲೂ ಬರುವಾಗಲೂ ಹೀರುತ್ತದೆ. ಆಗ ಒಳಗಿನ ಕೆಂಪಿಗಿಂತ ಮೇಲ್ಮೈಯ ಹೊಳಪು ಎದ್ದು ಕಾಣುತ್ತದೆ: ಕೆನ್ನೆಯ ಏಣು, ಹಣೆ, ಮೂಗಿನ ತುದಿ. ಅಂಗೈ ಬೇರೆ ಬಣ್ಣ, ಗೆಣ್ಣು ಬೇರೆ, ತುಟಿ ಬೇರೆ. ಇದನ್ನು ತಿಳಿಯದ ಚಿತ್ರಕಾರ ಬಿಳಿ ಮುಖವೊಂದನ್ನು ಮಾಡಿ ಅದರ ಮೇಲೆ ಕಂದು ಬಣ್ಣ ಎಳೆದರೆ ಜೀವಂತ ಕಪ್ಪು ಬರುವುದಿಲ್ಲ, ಬೂದಿ ಬರುತ್ತದೆ. ಅಂಥವನಿಗೆ ನೂರು ಬಣ್ಣ ಕೊಟ್ಟರೆ ನೂರು ಬಗೆಯ ಬೂದಿ ಮಾಡಿಯಾನು!

ನಮ್ಮ ವೈದ್ಯಕೀಯದಲ್ಲೂ ಇದೇ ಕಥೆ. ನಾವು ಓದಿದ ಪಠ್ಯಪುಸ್ತಕಗಳಲ್ಲಿ ದದ್ದು ಎಂದರೆ ಬಿಳಿ ಚರ್ಮದ ಮೇಲಿನ ಕೆಂಪು. ವಾರ್ಡಿಗೆ ಹೋದರೆ ನಮ್ಮ ರೋಗಿಗಳ ಮೈಮೇಲೆ ಆ ಕೆಂಪು ಕಾಣುತ್ತಿರಲಿಲ್ಲ. ನಮ್ಮ ಮೇಷ್ಟ್ರು ಕಣ್ಣರೆಪ್ಪೆ ಎಳೆದು, ನಾಲಿಗೆ ನೋಡಿ ರೋಗ ಹಿಡಿಯುವುದನ್ನು ಕಲಿಸಿದರು. 2020ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ, ಬೆರಳಿಗೆ ಸಿಕ್ಕಿಸಿ ಆಮ್ಲಜನಕ ಅಳೆಯುವ ಯಂತ್ರ ಅಪಾಯಕಾರಿ ಕೊರತೆಯನ್ನು ಗುರುತಿಸದೆ ಬಿಟ್ಟದ್ದು ಬಿಳಿ ರೋಗಿಗಳಿಗಿಂತ ಕಪ್ಪು ರೋಗಿಗಳಲ್ಲಿ ಸುಮಾರು ಮೂರು ಪಟ್ಟು ಹೆಚ್ಚು. ಕೋವಿಡ್ ವಾರ್ಡಿನಲ್ಲಿ ದುಡಿದ ನಮಗೆಲ್ಲ ಅದು ಎದೆಗೆ ತಾಗಿದ ಸುದ್ದಿ. ಯಂತ್ರಕ್ಕೆ ದ್ವೇಷವಿಲ್ಲ. ಯಾರ ಮೈಯನ್ನು ನೋಡಿ ಅದಕ್ಕೆ ಕಣ್ಣು ಕೊಟ್ಟರು ಎಂಬುದೇ ಪ್ರಶ್ನೆ. ಆಟದ ಬೂದಿ ಮುಖದಿಂದ ಯಾರೂ ಸಾಯುವುದಿಲ್ಲ, ನಿಜ. ಆದರೆ ಎರಡೂ ಕಡೆ ತಪ್ಪು ಒಂದೇ.

ಒಳ್ಳೆಯ ಉದಾಹರಣೆಯೂ ಇದೆ. 2020ರ ‘ಮೈಲ್ಸ್ ಮೊರಾಲೆಸ್’ ಆಟದ ಸ್ಪೈಡರ್‌ಮ್ಯಾನ್, ತಂದೆಯ ಕಡೆಯಿಂದ ಕಪ್ಪು ಜನಾಂಗದವನು, ತಾಯಿ ಪೋರ್ಟೊರಿಕೊ ಮೂಲದವಳು. ನ್ಯೂಯಾರ್ಕಿನ ಹಾರ್ಲೆಮ್, ಚಳಿಗಾಲ, ಎಲ್ಲೆಲ್ಲೂ ಹಿಮ. ಹಿಮದ ಬೆಳಕು, ಅಂಗಡಿ ದೀಪ, ಮನೆಯ ಹಳದಿ ಬಲ್ಬು, ಒಂದೊಂದರಲ್ಲೂ ಆ ಹುಡುಗನ ಮುಖ ಬೇರೆಬೇರೆಯಾಗಿ ಕಾಣುತ್ತದೆ, ಎಲ್ಲದರಲ್ಲೂ ಅವನದೇ ಆಗಿ ಉಳಿಯುತ್ತದೆ. ಅವನಿಗಾಗಿಯೇ ದೀಪ ಹಚ್ಚಿದ್ದಾರೆ ಎನ್ನಿಸುತ್ತದೆ.

ಇನ್ನು ನಮ್ಮ ಊರಿಗೇ ಬಂದ ಆಟವೊಂದರ ಮಾತು. ಅಮೆರಿಕದ ನಾಟಿ ಡಾಗ್ ಸಂಸ್ಥೆ 2017ರಲ್ಲಿ ತಂದ ‘ಅನ್‌ಚಾರ್ಟೆಡ್: ದಿ ಲಾಸ್ಟ್ ಲೆಗಸಿ’ ನಡೆಯುವುದು ಪಶ್ಚಿಮ ಘಟ್ಟದಲ್ಲಿ. ಹುಡುಕುವುದು ಹೊಯ್ಸಳರ ಕಾಲದ ಗಣೇಶನ ದಂತವನ್ನು. ಬೇಲೂರು, ಹಳೇಬೀಡು ಎಂಬ ಹೆಸರುಗಳು ಆಟದೊಳಗೆ ಕೇಳಿದಾಗ ನಾನು ಸೋಫಾದಿಂದ ಎದ್ದು ನಿಂತೆ. (ಅಮೆರಿಕದ ಬಾಯಲ್ಲಿ ಹಳೇಬೀಡಿನ ಳಕಾರಕ್ಕೆ ಆಗಬೇಕಾದದ್ದೇ ಆಗಿದೆ, ಬಿಡಿ.) ಮಳೆ, ಹಸಿರು, ಜಲಪಾತ ಕಣ್ಣು ತುಂಬುತ್ತವೆ. ಹೊಯ್ಸಳರ ಶಿಲ್ಪದ ಜೀವ ಇರುವುದು ಬೆರಳುದ್ದದ ಕುಸುರಿಯಲ್ಲಿ. ಆಟದವರು ಅದನ್ನು ಬಿಟ್ಟು ಬೆಟ್ಟದೆತ್ತರದ ಮೂರ್ತಿಗಳನ್ನು ನಿಲ್ಲಿಸಿದ್ದಾರೆ. ಅದನ್ನು ಸಾಹಸಕಥೆಯ ಸ್ವಾತಂತ್ರ್ಯವೆಂದು ಒಪ್ಪೋಣ.

ನಾಯಕಿಯರು ಇಬ್ಬರು, ಇಬ್ಬರೂ ಬಿಳಿಯರಲ್ಲ. ಅದು ದೊಡ್ಡ ಹೆಜ್ಜೆಯೇ. ಕ್ಲೋಯಿ ಫ್ರೇಜರ್ 2009ರ ಆಟದಲ್ಲಿ ಮೊದಲು ಬಂದಾಗ ಅವಳಿಗೆ ಭಾರತದ ನಂಟು ಇರಲಿಲ್ಲ. ಈ ಆಟಕ್ಕಾಗಿ ಅವಳಿಗೊಬ್ಬ ಭಾರತೀಯ ತಂದೆ ಹುಟ್ಟಿಕೊಂಡ. ಜೊತೆಗಾತಿ ನಡೀನ್ ರಾಸ್ ದಕ್ಷಿಣ ಆಫ್ರಿಕದ ಕಪ್ಪು ಹೆಂಗಸು. ಅವಳ ಮುಖದ ಮೇಲೆ ಮಳೆಹನಿ, ಕೆಸರು, ಬಿಸಿಲು ಬಿದ್ದಾಗ ಚಿತ್ರಕಾರರ ಕೈ ಮೆಚ್ಚಬೇಕು. ಆದರೆ ಆ ಎರಡು ಮುಖಗಳಿಗೂ ದನಿ ಕೊಟ್ಟವರು ಬಿಳಿಯ ನಟಿಯರು, ಕ್ಲೋಯಿಗೆ ಆಸ್ಟ್ರೇಲಿಯದ ಕ್ಲಾಡಿಯಾ ಬ್ಲ್ಯಾಕ್, ನಡೀನ್‌ಗೆ ಅಮೆರಿಕದ ಲಾರಾ ಬೇಲಿ. ಮೊದಲಲ್ಲಿ ಸಿಗುವ ಒಬ್ಬ ಪುಟ್ಟ ಹುಡುಗಿ, ಪೇಟೆಯ ಜನ ಇಷ್ಟು ಬಿಟ್ಟರೆ ನಾವು ಹೆಚ್ಚಾಗಿ ಎದುರಿಸುವ ಭಾರತೀಯ ಮುಖಗಳು ಗುಂಡು ಹೊಡೆಸಿಕೊಳ್ಳಲೆಂದೇ ಓಡಿಬರುವ ಬಂಡುಕೋರರವು. ನಾನು ನಮ್ಮ ಘಟ್ಟದಲ್ಲಿ ನಿಂತು ನಮ್ಮವರಂತೆಯೇ ಕಾಣುವ ಹುಡುಗರನ್ನು ಒಂದು ಸಂಜೆಯೆಲ್ಲ ಉರುಳಿಸಿದೆ. ಚರ್ಮ ಸರಿಯಿದ್ದರೆ ಸಾಲದು. ಆ ಚರ್ಮದವರಿಗೆ ಕಥೆಯಲ್ಲಿ ಯಾವ ಕೆಲಸ ಕೊಟ್ಟಿದ್ದಾರೆ ಎಂದೂ ನೋಡಬೇಕು.

ಆ ಕೆಲಸವನ್ನು ಸರಿಯಾಗಿ ಕೊಟ್ಟ ಆಟ ‘ವೆಣ್ಬಾ’. ಕೆನಡಾದ ಟೊರಾಂಟೊದ ವಿಸೈ ಗೇಮ್ಸ್ ಎಂಬ ಪುಟ್ಟ ತಂಡ 2023ರಲ್ಲಿ ತಂದದ್ದು. 1980ರ ದಶಕದಲ್ಲಿ ಕೆನಡಾಕ್ಕೆ ಬಂದ ತಮಿಳು ದಂಪತಿ, ಅವರ ಮಗ, ತಾಯಿ ಕೊಟ್ಟ ಹರಿದ ಅಡಿಗೆ ಪುಸ್ತಕ. ಮೊದಲ ಕೆಲಸವೇ ಇಡ್ಲಿ ಬೇಯಿಸುವುದು! ಪಕ್ಕದ ಮನೆಯವರ ಆಟ, ಆದರೆ ಒಗ್ಗರಣೆಯ ಘಮ ನಮ್ಮ ಮನೆಯದೇ. ಚಿತ್ರಗಳು ಸರಳ, ಬಣ್ಣದ ಕಾಗದ ಕತ್ತರಿಸಿ ಅಂಟಿಸಿದಂತೆ. ಮೇಲೆ ಹೇಳಿದ ಬೆಳಕಿನ ಲೆಕ್ಕ ಯಾವುದೂ ಅಲ್ಲಿಲ್ಲ. ಆದರೂ ಆ ಕಂದು ಮುಖಗಳು ಜೀವಂತ. ಏಕೆಂದರೆ ಆ ಅಡಿಗೆಮನೆಯಲ್ಲಿ ಕಂದು ಬಣ್ಣ ಯಾವುದಕ್ಕೂ ಗುರುತಲ್ಲ, ವೈರಿಗಲ್ಲ, ಯೋಗಿಗಲ್ಲ, ಬಡತನಕ್ಕಲ್ಲ. ಅಮ್ಮ ಕಂದು, ಅಪ್ಪ ಕಂದು, ಮಗ ಕಂದು, ಅಷ್ಟೇ. ಚಿಂತೆಯೆಲ್ಲ ಮಗ ಮಾತಾಡುವ ಭಾಷೆಯದು, ಅವನು ದೂರವಾಗುತ್ತಿರುವುದರದು. ಒಂದೆರಡು ಗಂಟೆಯ ಆಟ. ಮುಗಿದಾಗ ನಾನೂ ಮಗಳೂ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಇಷ್ಟೆಲ್ಲ ಬರೆದು ಜಪಾನಿನವರನ್ನೂ ಅಮೆರಿಕದವರನ್ನೂ ಬೈದು ಮುಗಿಸಿದ್ದರೆ ಈ ಲೇಖನ ಸುಲಭವಾಗಿರುತ್ತಿತ್ತು. ಆದರೆ ಒಂದು ಸಂಗತಿ ಹೇಳದೆ ಬಿಟ್ಟರೆ ಮೋಸವಾದೀತು.

ಕಳೆದ ತಿಂಗಳು ಮಗಳು ಸಿಮ್ಸ್ ಆಟದಲ್ಲಿ ನಮ್ಮ ಸಂಸಾರವನ್ನೇ ಕಟ್ಟಿದಳು. ಅಪ್ಪನ ಹೊಟ್ಟೆಯನ್ನು ಸರಿಯಾಗಿಯೇ ಮಾಡಿದ್ದಳು, ನಮ್ಮ ಮನೆಯವರು ಪ್ರತಿಭಟಿಸಿದರು. ಆಮೇಲೆ ನನ್ನನ್ನು ಮಾಡಿದಳು. ಕನ್ನಡಕ, ಬಿಳಿ ಕೋಟು, ನೆರೆತ ಕೂದಲು, ನನ್ನದೇ ಕಪ್ಪು. ಆ ನೂರು ಬಣ್ಣಗಳಲ್ಲಿ ಹುಡುಕಿ ತೆಗೆದಿದ್ದಳು. ನೋಡಿದೆ, ಬಾಯಿ ತಾನಾಗಿಯೇ ಹೇಳಿತು: "ಸ್ವಲ್ಪ ತಿಳಿ ಮಾಡೇ, ತುಂಬ ಕಪ್ಪಾಯ್ತು."

ಅವಳು ಸರಿಪಟ್ಟಿಯನ್ನು ಮುಟ್ಟಲಿಲ್ಲ. ನನ್ನ ಕಡೆ ತಿರುಗಿ, "ಅಮ್ಮಾ, ಇದು ನೀನೇ. ತಿಳಿ ಮಾಡಿದ್ರೆ ಬೇರೆ ಯಾರೋ ಆಗ್ತಾರೆ. ಮತ್ತೆ, ನಾನೂ ಇದೇ ಬಣ್ಣ ಅಲ್ವಾ?" ಎಂದಳು.

ಮೂವತ್ತು ವರ್ಷ ಚರ್ಮ ನೋಡಿದ ವೈದ್ಯೆಯ ಹತ್ತಿರ ಉತ್ತರವಿರಲಿಲ್ಲ. ಫೋಟೋದವರ ಪೌಡರ್ ಡಬ್ಬಿ ಈಗ ನನ್ನ ಕೈಯಲ್ಲಿತ್ತು.

ನನ್ನನ್ನು ನೋಡಲು ಬಂದ ಮನೆಯವರೊಬ್ಬರು ಹೊರಡುವಾಗ ನಮ್ಮ ಸೋದರತ್ತೆಗೆ ಹೇಳಿದ್ದರು, "ಹುಡುಗಿ ಕಪ್ಪಗಿದ್ದರೂ ಲಕ್ಷಣವಾಗಿದ್ದಾಳೆ, ಡಾಕ್ಟರೂ ಓದಿದ್ದಾಳೆ" ಎಂದು. ಹೊಗಳಿಕೆಯೆಂದೇ ಅತ್ತೆ ಸಂತೋಷಪಟ್ಟರು. ಆ ‘ಕಪ್ಪಗಿದ್ದರೂ’ ಎಂಬ ಮಾತಿನ ಕೊನೆಯ ‘ರೂ’ ಒಂದೇ ಅಕ್ಷರ, ಆದರೆ ಅದರೊಳಗೆ ಇಡೀ ಸಮಾಜ ಕೂತಿದೆ. ಕೃಷ್ಣನೆಂದರೆ ಕಪ್ಪು ಎಂದೇ ಅರ್ಥ, ಕ್ಯಾಲೆಂಡರಿನಲ್ಲಿ ನೀಲಿ ಮಾಡಿದೆವು. ನಾವು ಓದಿ ಬೆಳೆದ ಚಿತ್ರಕಥೆಗಳಲ್ಲಿ ರಾಜಕುಮಾರ ಬೆಳ್ಳಗೆ, ರಾಕ್ಷಸ ಕಪ್ಪಗೆ. 1975ರಲ್ಲಿ ಬಂದ ‘ಫೇರ್ ಅಂಡ್ ಲವ್ಲಿ’ 2020ರಲ್ಲಿ ಹೆಸರು ಬದಲಾಯಿಸಿಕೊಂಡಿತು. ನಮ್ಮ ‘ರೂ’ ಹಾಗೇ ಉಳಿದಿದೆ. ಬೇಸ್‌ಮೆಂಟಿನ ಆ ಹುಡುಗನ ಬೆರಳು ತಿಳಿ ಬಣ್ಣದ ಮೇಲೆ ಹೋದದ್ದಕ್ಕೆ ಆಟ ಮಾಡಿದವರಷ್ಟೇ ಮಹಡಿಯಲ್ಲಿ ಒಬ್ಬಟ್ಟು ತಿನ್ನುತ್ತಿದ್ದ ನಾವೂ ಕಾರಣ.

ಬೇಲೂರಿನ ದರ್ಪಣಸುಂದರಿಯನ್ನು ನೀವೆಲ್ಲ ನೋಡಿದ್ದೀರಿ. ಬಳಪದ ಕಲ್ಲಿನಲ್ಲಿ ಕಡೆದು ಒಂಬೈನೂರು ವರ್ಷ ಸವೆದ ಕಪ್ಪು ಮೈ, ಕೈಯಲ್ಲಿ ಕನ್ನಡಿ. ಅವಳನ್ನು ನೋಡಿ "ಕಪ್ಪಗಿದ್ದರೂ" ಎಂದವರನ್ನು ನಾನು ಇದುವರೆಗೆ ಕಂಡಿಲ್ಲ. ನಮ್ಮ ಮಕ್ಕಳ ಕೈಯಲ್ಲಿರುವ ಕನ್ನಡಿ ಆ ಪರದೆ.

ಆದ್ದರಿಂದ ಓದುಗ ಮಿತ್ರರಲ್ಲಿ, ವಿಶೇಷವಾಗಿ ತಾಯಿ ತಂದೆಯರಲ್ಲಿ, ನನ್ನ ಕೋರಿಕೆ ಇಷ್ಟೇ. ಮುಂದಿನ ಸಲ ಮಕ್ಕಳು ಆಡುವಾಗ ಬೈಯುವ ಮೊದಲು ಅರ್ಧ ಗಂಟೆ ಪಕ್ಕದಲ್ಲಿ ಕೂತುಕೊಳ್ಳಿ. ಬಣ್ಣ ಎಷ್ಟಿವೆ ಎಂದು ಎಣಿಸುವುದಕ್ಕಿಂತ ಆ ಮುಖದ ಮೇಲೆ ಬೆಳಕು ಹೇಗೆ ಬಿದ್ದಿದೆ, ಆ ಮುಖಕ್ಕೆ ಕಥೆಯಲ್ಲಿ ಏನು ಕೆಲಸ ಸಿಕ್ಕಿದೆ ಎಂದು ನೋಡಿ. ಮೈಬಣ್ಣದ ಪಟ್ಟಿ ಬಂದಾಗ ಏನೂ ಹೇಳಬೇಡಿ. ನಾನು ಹೇಳಿ ಕೆಟ್ಟೆ.

ಮಗಳ ಆಟದಲ್ಲಿ ಈಗ ನಾನು ನನ್ನದೇ ಬಣ್ಣದಲ್ಲಿ ಓಡಾಡಿಕೊಂಡಿದ್ದೇನೆ. ಆಸ್ಪತ್ರೆಗೆ ಹೋಗುತ್ತೇನೆ, ಅಡಿಗೆ ಸುಡುತ್ತೇನೆ. ಅಡಿಗೆ ಸುಡುವ ವಿಷಯದಲ್ಲಿ ಮಾತ್ರ ಹೋಲಿಕೆ ಸರಿಯಿಲ್ಲವೆಂದು ನನ್ನ ಆಕ್ಷೇಪವಿದೆ. ನಿಮ್ಮ ಮಕ್ಕಳು ನಿಮ್ಮನ್ನು ಯಾವ ಬಣ್ಣದಲ್ಲಿ ಮಾಡಿದ್ದಾರೆ? ನೋಡಿ, ಮುಂದಿನ ಸಂಚಿಕೆಗೆ ಬರೆದು ಕಳಿಸಿ.